ರೀಲರ್ ಷರೀಫನ ಮೂಗು

ಶಿಡ್ಲಘಟ್ಟ
9 ಜೂನ್ 2024

ರಾಮಾಂಜಿ,

ಕಾಗದ ನೋಡಿ ಗಾಬರಿಯಾಗಬೇಡ, ಸತ್ತಿಲ್ಲ. ಸತ್ತಿದ್ದರೆ ಯಾರಾದರೂ ಫೋನ್ ಮಾಡುತ್ತಿದ್ದರು. ನಾನೂ ಮೂರು ಸಲ ಫೋನ್ ಮಾಡಿದೆ. ನೀನು ಎತ್ತಿ, "ಯಾರ್ರೀ? ಜೋರಾಗಿ ಮಾತಾಡ್ರೀ, ಏನೂ ಕೇಳಿಸ್ತಿಲ್ಲ" ಎಂದು ಕೂಗಿ ಇಟ್ಟುಬಿಟ್ಟೆ. ನಾನು ಜೋರಾಗಿಯೇ ಮಾತಾಡುತ್ತಿದ್ದೆ ಕಣಯ್ಯ. ರೇಷ್ಮೆಗೂಡಿನ ಮಾರ್ಕೆಟ್ಟಿನ ಆ ಬಾಗಿಲಿಂದ ಈ ಬಾಗಿಲಿಗೆ ಕೇಳುತ್ತಿದ್ದ ನನ್ನ ಗಂಟಲು ಈಗ ನನ್ನ ಕಿವಿಗೇ ಸರಿಯಾಗಿ ಕೇಳುವುದಿಲ್ಲ.

ಪಾರ್ಕಿನ್ಸನ್ ಅಂತೆ. ಹೋದ ವರ್ಷ ಗೊತ್ತಾಯಿತು. ಬಲಗೈ ನಡುಗುತ್ತದೆ, ಕಾಲು ಒಮ್ಮೊಮ್ಮೆ ನಿಂತಲ್ಲೇ ನಿಂತುಬಿಡುತ್ತದೆ. ದಿನಾ ಒಂದು ಪುಟ ದಪ್ಪಕ್ಷರದಲ್ಲಿ ಬರೆಯಬೇಕು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಏನು ಬರೆಯಲಿ ಎಂದೆ. "ಯಾರಿಗಾದ್ರೂ ಕಾಗದ ಬರೀರಿ ಸಾಬ್ರೇ" ಎಂದರು. ಯಾರಿಗೆ ಎಂದು ಕೂತು ಯೋಚಿಸಿದರೆ, ನಿನ್ನ ವಿಳಾಸ ಒಂದೇ ನೆನಪಿಗೆ ಬಂದದ್ದು. ನನ್ನ ಗ್ರಹಚಾರ.

ಒಂದು ತಮಾಷೆ ಕೇಳು. ಈ ಕಾಯಿಲೆಯಲ್ಲಿ ಹೆಬ್ಬೆರಳು ತೋರುಬೆರಳನ್ನು ತಿಕ್ಕುತ್ತಲೇ ಇರುತ್ತದೆ. ಗೂಡಿನಿಂದ ನೂಲು ತೆಗೆಯುವಾಗ ನಾವು ರೀಲರುಗಳು ಎಳೆಯ ತುದಿ ಹಿಡಿದು ಹೊಸೆಯುತ್ತೇವಲ್ಲ, ಹಾಗೇ. ಮೂರು ವರ್ಷ ನನ್ನ ಬೆರಳು ಹಾಗೆ ಆಡಿದ್ದನ್ನು ಮನೆಯವರೆಲ್ಲ ನೋಡಿದ್ದಾರೆ, ಬೀದಿಯವರು ನೋಡಿದ್ದಾರೆ. ಒಬ್ಬರಿಗೂ ಅನುಮಾನ ಬರಲಿಲ್ಲ. "ನಲವತ್ತು ವರ್ಷ ನೂಲು ತೆಗೆದ ಕೈ, ಸುಮ್ನಿರುತ್ತಾ" ಎಂದು ಹೊಗಳಿದರು. ಬೇರೆ ಯಾವ ಊರಿನಲ್ಲಾದರೂ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು.

ಪುಟ ಮುಗಿಯಿತು. ನಿನಗೆ ಮನಸ್ಸಿದ್ದರೆ ಒಂದು ಸಾಲು ಬರಿ. ಇಲ್ಲದಿದ್ದರೆ ನಾನು ಇದನ್ನು ಕಸರತ್ತು ಎಂದುಕೊಂಡೇ ಬರೆಯುತ್ತಿರುತ್ತೇನೆ.

ಹಳೇ ಬೆಂಚಿನವನು,
ಷರೀಫ್


ಶಿಡ್ಲಘಟ್ಟ
14 ಜುಲೈ 2024

ರಾಮಾಂಜಿ,

ಉತ್ತರ ಬರಲಿಲ್ಲ. ಇರಲಿ. ನಿನ್ನ ಜಾಗದಲ್ಲಿ ನಾನಿದ್ದರೆ ಕವರನ್ನು ಒಲೆಗೆ ಹಾಕುತ್ತಿದ್ದೆ.

ಹೋದ ಸಲ ಮುಖ್ಯವಾದದ್ದನ್ನು ಬಿಟ್ಟು ಬೇರೆಲ್ಲ ಬರೆದೆ. ಬರೆಯಲು ಧೈರ್ಯ ಬರಲಿಲ್ಲ. ಇವತ್ತು ಬರೆಯುತ್ತೇನೆ.

ಮೊದಲನೇ ಸಲ ಹೋದಾಗ ಡಾಕ್ಟರಮ್ಮ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಒಂದೊಂದೇ ಸೀಸೆ ಹಿಡಿದರು. "ಇದೇನು?" ಗೊತ್ತಿಲ್ಲ. "ಇದು?" ಗೊತ್ತಿಲ್ಲ. ಕಣ್ಣು ಬಿಟ್ಟು ನೋಡಿದರೆ ಒಂದು ಕಾಫಿಪುಡಿ, ಒಂದು ಲವಂಗ. "ವಾಸನೆ ಹೋಗಿ ಎಷ್ಟು ವರ್ಷ ಆಯ್ತು ಸಾಬ್ರೇ?" ಎಂದು ಕೇಳಿದರು. ಹೋಗಿದೆ ಎಂದು ನನಗೆ ಗೊತ್ತಾದದ್ದೇ ಆಗ. ರೇಷ್ಮೆ ಹುಳು ಬೇಯುವ ಬೀದಿಯಲ್ಲಿ ಹುಟ್ಟಿದವನು ನಾನು. ಹೊರಗಿನವರು ಮೂಗು ಮುಚ್ಚಿಕೊಂಡು ಓಡಾಡುವ ಬೀದಿ. ಇಲ್ಲಿ ವಾಸನೆ ಬರಲಿಲ್ಲ ಎಂದರೆ "ಅಭ್ಯಾಸ ಆಗಿದೆ" ಎನ್ನುತ್ತೇವೆ, ಪುಣ್ಯ ಎನ್ನುತ್ತೇವೆ. ನಿನ್ನ ಅತ್ತಿಗೆ ಜಾನ್ ಬೀ ಮಾತ್ರ ಕೊರಗುತ್ತಿದ್ದಳು, "ಏನ್ ಮಾಡಿ ಬಡಿಸಿದ್ರೂ ಚೆನ್ನಾಗಿದೆ ಅನ್ನಲ್ಲ ಈ ಮನುಷ್ಯ" ಎಂದು. ಅವಳು ಹೋಗಿ ಎರಡು ವರ್ಷವಾಯಿತು. ಅವಳ ಅಡುಗೆಗೆ ನಾನು ಮಾಡಿದ ಅನ್ಯಾಯ ಈಗ ತಿಳಿಯುತ್ತಿದೆ.

ಕಾಯಿಲೆ ಕೈಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಮೂಗಿಗೆ ಬರುತ್ತದಂತೆ. ಡಾಕ್ಟರಮ್ಮ ಹಾಗೆಂದ ತಕ್ಷಣ ನನಗೆ ಕಂಡದ್ದು ನೀನು. ಎರಡು ಸಾವಿರದ ಹತ್ತೊಂಬತ್ತರ ಆಷಾಢ. ಮಾರ್ಕೆಟ್ಟಿನಲ್ಲಿ ನಿನ್ನ ಗೂಡಿನ ರಾಶಿಯ ಮುಂದೆ ನಾನು ನಿಂತದ್ದು, ಎಂದಿನಂತೆ ಒಂದು ಹಿಡಿ ಎತ್ತಿ ಮೂಸಿದ್ದು, ನಿನ್ನ ಮುಖ ನೋಡಿ ನಕ್ಕು "ಫಸ್ಟ್ ಕ್ಲಾಸ್ ಕಣೋ" ಎಂದದ್ದು. ಕೈಯಲ್ಲಿ ಅಲ್ಲಾಡಿಸಿ ಕೂಡ ನೋಡಲಿಲ್ಲ. ನನ್ನ ಮೂಗಿನ ಮೇಲೆ ನನಗೆ ಅಷ್ಟು ಜಂಬ.

ಬಿಸಿನೀರಿಗೆ ಹಾಕಿದರೆ ಅರ್ಧಕ್ಕರ್ಧ ಒಳಗೇ ಕೊಳೆತ ಗೂಡು. ಎಳೆ ಹಿಡಿದರೆ ಕಿತ್ತು ಬರುತ್ತಿತ್ತು. ಮಾರನೇ ವಾರ ಅಷ್ಟು ಜನರ ಮುಂದೆ ನಿನ್ನ ಕೊರಳಪಟ್ಟಿ ಹಿಡಿದು, "ಐವತ್ತು ವರ್ಷದ ಸ್ನೇಹಕ್ಕೆ ಕೊಳೆತ ಹುಳ ತುಂಬಿ ಕೊಟ್ಯಲ್ಲೋ ಕಳ್ಳ" ಎಂದೆ. ನೀನು ಒಂದೇ ಮಾತು ಹೇಳಿದೆ: "ನೀನೇ ಮೂಸಿ ನೋಡಿ ತಗೊಂಡ್ಯಲ್ಲೋ ಷರೀಫಾ." ಆಮೇಲೆ ನಿನ್ನ ಗೂಡು ಶಿಡ್ಲಘಟ್ಟಕ್ಕೆ ಬರಲೇ ಇಲ್ಲ, ಚಿಂತಾಮಣಿಗೆ ಹೋಯಿತು.

ಕಳ್ಳ ನೀನಲ್ಲ. ನನ್ನ ಮೂಗು ಸತ್ತಿತ್ತು. ತಪ್ಪಾಯಿತು ರಾಮಾಂಜಿ. ಜಾನ್ ಬೀ ಹೋದಾಗಲೂ ನಿನಗೆ ಹೇಳಿ ಕಳಿಸಬೇಡಿ ಎಂದವನು ನಾನೇ. ಅದೂ ತಪ್ಪಾಯಿತು.

ಷರೀಫ್


ಹೈದರಾಬಾದ್
3 ಆಗಸ್ಟ್ 2024

ರಾಮಾಂಜಿನಪ್ಪ ಮಾಮಾ ಅವರಿಗೆ,

ಹುಮಾ ಮಾಡುವ ನಮಸ್ಕಾರಗಳು. ನಿಮ್ಮ ಹುಳುಮನೆಯಲ್ಲಿ ಬುಟ್ಟಿ ಹಿಡಿದು ಓಡಾಡುತ್ತಿದ್ದ ಷರೀಫರ ಮಗಳು. ಏಳನೇ ಕ್ಲಾಸಿನ ವಿಜ್ಞಾನ ಪ್ರದರ್ಶನಕ್ಕೆ ಇಪ್ಪತ್ತು ಹುಳುಗಳನ್ನು ನೀವೇ ಸೊಪ್ಪಿನ ಸಮೇತ ಕೊಟ್ಟು ಕಳಿಸಿದ್ದಿರಿ.

ಅಬ್ಬ ನಿಮಗೆ ಎರಡು ಕಾಗದ ಬರೆದರಂತೆ. ಉತ್ತರ ಬಂದಿಲ್ಲ ಎಂದು ಅವರು ನನಗೆ ಹೇಳಲಿಲ್ಲ. ಪೋಸ್ಟ್‌ಮ್ಯಾನ್ ನಲ್ಲಪ್ಪ ಎಷ್ಟು ಹೊತ್ತಿಗೆ ಬರುತ್ತಾನೆ ಎಂದು ದಿನಾ ಕೇಳುತ್ತಾರೆ ಎಂದು ನನ್ನ ತಮ್ಮ ವಾಸಿಫ್ ಹೇಳಿದ. ಮೂಗು ಸತ್ತಿತ್ತು ಎಂಬ ಅವರ ಮಾತನ್ನು ನೀವು ನೆಪ ಎಂದುಕೊಂಡಿರಬಹುದು. ಅದು ನೆಪವಲ್ಲ ಎಂದು ಹೇಳುವುದಕ್ಕೆ ಬರೆಯುತ್ತಿದ್ದೇನೆ.

ಇಲ್ಲಿನ ಲ್ಯಾಬಿನಲ್ಲಿ ನನ್ನ ಸಂಶೋಧನೆಯೇ ಈ ಕಾಯಿಲೆಯ ಸುತ್ತ. ಮೆದುಳಿನಲ್ಲಿ ಕಾವಲು ಕಾಯುವ ಕೋಶಗಳಿವೆ. ಅವುಗಳಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸಲು ಬೇಕಾದ ಒಂದು ಜೀನ್ ಇದೆ. ಆ ಅನಿಲ ಕೆಟ್ಟದ್ದೇನಲ್ಲ. ಹದವಾಗಿದ್ದರೆ ರಕ್ತನಾಳವನ್ನು ಸಡಿಲ ಮಾಡುತ್ತದೆ, ಒಂದು ನರಕೋಶದ ಸುದ್ದಿಯನ್ನು ಇನ್ನೊಂದಕ್ಕೆ ಮುಟ್ಟಿಸುತ್ತದೆ. ಆದರೆ ಕಾವಲು ಕೋಶಗಳ ಈ ಜೀನ್ ಸಾಮಾನ್ಯವಾಗಿ ಮುಚ್ಚಿರುತ್ತದೆ. ಸೋಂಕು, ಉರಿಯೂತ ಕಂಡಾಗ ಮಾತ್ರ ತೆರೆದುಕೊಂಡು, ಕೆಲಸವಾದ ಮೇಲೆ ಮುಚ್ಚಿಕೊಳ್ಳಬೇಕು. ಮುಚ್ಚಿಕೊಳ್ಳದೇ ಹೋದರೆ ಅನಿಲ ಮಿತಿಮೀರುತ್ತದೆ, ಪಕ್ಕದ ನರಕೋಶಗಳನ್ನೇ ಸುಡಲು ಶುರುಮಾಡುತ್ತದೆ. ಕೈಕಾಲುಗಳ ಚಲನೆಯನ್ನು ಹಿಡಿತದಲ್ಲಿಡುವ ಕೋಶಗಳಿಗೆ ಈ ಏಟು ಬೇಗ ತಾಗುತ್ತದೆ.

ಇದನ್ನು ಫೋನಿನಲ್ಲಿ ಹೇಳಿದಾಗ ಅಬ್ಬ, "ಅಷ್ಟೇನಾ! ನಮ್ಮ ಬಿಸಿನೀರಿನ ತೊಟ್ಟಿ ಥರ ಅನ್ನು" ಎಂದರು. ನೀರು ಹದವಾಗಿ ಕಾದರೆ ಗೂಡಿನ ಅಂಟು ಬಿಟ್ಟು ಎಳೆ ಬರುತ್ತದೆ, ಕುದಿ ಹೆಚ್ಚಾದರೆ ಗೂಡೇ ಬೆಂದು ಮುದ್ದೆಯಾಗಿಹೋಗುತ್ತದೆ. ಆಮೇಲೆ ಕೇಳಿದರು, "ಹಂಗಾದ್ರೆ ನನ್ನ ತಲೇಲಿ ಒಲೆ ಮುಂದೆ ಕೂತಿರೋನು ಯಾರಮ್ಮಾ? ಸೌದೆ ಎಳೀದೆ ಎಲ್ಲಿ ಹೋದ?" ಮಾಮಾ, ನಾಲ್ಕು ವರ್ಷದಿಂದ ನಾನು ಹುಡುಕುತ್ತಿರುವುದು ಅವನನ್ನೇ. ಇನ್ನೂ ಸಿಕ್ಕಿಲ್ಲ. ಇಲಿಯ ಕೋಶಗಳಲ್ಲಿ ಸಲೀಸಾಗಿ ತೆರೆಯುವ ಈ ಜೀನ್ ಮನುಷ್ಯರ ಕೋಶಗಳಲ್ಲಿ ಅಷ್ಟು ಸುಲಭಕ್ಕೆ ತೆರೆಯುವುದಿಲ್ಲ. ಅಬ್ಬನ ತಲೆಯಲ್ಲಿ ಆದದ್ದು ಇದೇ ಎಂದು ಎದೆ ಮುಟ್ಟಿ ಹೇಳಲಾರೆ. ಇದು ಕಾರಣಗಳಲ್ಲಿ ಒಂದಿರಬಹುದು, ಅಷ್ಟೇ.

ಆದರೆ ಒಂದು ಮಾತ್ರ ಖಂಡಿತ ಹೇಳಬಲ್ಲೆ. ವಾಸನೆ ಮೊದಲು ಹೋಗುವುದು ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಆಗುತ್ತದೆ, ಹೋದದ್ದು ಅವರಿಗೇ ತಿಳಿದಿರುವುದಿಲ್ಲ. ಅಂದು ಅಬ್ಬ ನಿಮ್ಮ ಗೂಡು ಮೂಸಿದಾಗ ಅವರಿಗೆ ಏನೂ ವಾಸನೆ ಬಂದಿರಲಿಕ್ಕಿಲ್ಲ.

ಇಲ್ಲಿ ನನಗೆ ಕನ್ನಡ ಮಾತಾಡಲು ಯಾರೂ ಇಲ್ಲ. ಇಷ್ಟುದ್ದ ಬರೆದದ್ದಕ್ಕೆ ಅದೂ ಒಂದು ಕಾರಣ. ಇಡೀ ದಿನ ಕೋಶಗಳನ್ನು ನೋಡುತ್ತೇನೆ, ನನ್ನ ತಂದೆಯನ್ನು ನೋಡಿ ಐದು ತಿಂಗಳಾಯಿತು.

ನಿಮ್ಮ ಮಗಳಂಥವಳು,
ಹುಮಾ


ಕೆಂಚಾರ್ಲಹಳ್ಳಿ
22 ಸೆಪ್ಟೆಂಬರ್ 2024

ಷರೀಫನಿಗೆ,

ನಿನ್ನ ಎರಡೂ ಕಾಗದ ಬಂದಿವೆ. ಎರಡನೆಯದನ್ನು ಓದಲು ಭೂತಗನ್ನಡಿ ಬೇಕಾಯಿತು. ಮೊದಲ ಸಾಲಿನಲ್ಲಿ ಅಕ್ಷರ ಕಡಲೆಕಾಳಷ್ಟಿದೆ, ಕೊನೆಗೆ ಬರುವ ಹೊತ್ತಿಗೆ ರಾಗಿಕಾಳು. ಸ್ಕೂಲಿನಲ್ಲಿ ನಾಲ್ಕು ಗೆರೆ ಪುಸ್ತಕದ ನಾಲ್ಕೂ ಗೆರೆ ದಾಟಿ ಬರೆಯುತ್ತಿದ್ದವನು ನೀನು. ಕಾಗದ ಉಳಿಸಲು ಹೀಗೆ ಬರೆದಿದ್ದೀಯ ಎಂದುಕೊಂಡೆ. ಅದೂ ಕಾಯಿಲೆಯೇ ಎಂದು ನನ್ನ ಮಗಳು ಕವಿತ ಫೋನಿನಲ್ಲಿ ನೋಡಿ ಹೇಳಿದಳು.

ಹುಮಾ ಕಾಗದವೂ ಬಂತು. ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಯಾಕೆ ಎಂದು ಹೇಳುತ್ತೇನೆ.

ಆ ಬೆಳೆ ಕೆಟ್ಟಿತ್ತು. ವೆಂಕಟರತ್ನ ಆಸ್ಪತ್ರೆಯಲ್ಲಿದ್ದಳು. ನಾಲ್ಕನೇ ಜ್ವರ ಎದ್ದು ಕೊನೇ ಸಲ ಪೊರೆ ಕಳಚಿದ ಹುಳಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕುವವರಿರಲಿಲ್ಲ, ಮೇಲಿಂದ ಜಡಿಮಳೆ. ಗೂಡಿನಿಂದ ವಾಸನೆ ಹೊಡೆಯುತ್ತಿತ್ತು ಷರೀಫಾ. ನನ್ನ ಮೂಗಿಗೆ ಬಂದಿತ್ತು. ನೀನು ಹಿಡಿ ಎತ್ತಿ ಮೂಸಿದಾಗ ಜೀವ ಬಾಯಿಗೆ ಬಂತು. ನೀನು ನಕ್ಕು, ಫಸ್ಟ್ ಕ್ಲಾಸ್ ಎಂದೆ.

ನಾನು ಏನು ತಿಳಿದುಕೊಂಡೆ ಗೊತ್ತಾ? ಇವನಿಗೆ ಎಲ್ಲಾ ಗೊತ್ತಾಗಿದೆ, ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ ಎಂದು ಗೊತ್ತಿದ್ದೇ, ಬೇಕೆಂದೇ ಕೆಟ್ಟ ಗೂಡು ತೆಗೆದುಕೊಳ್ಳುತ್ತಿದ್ದಾನೆ, ನನ್ನ ಮಾನ ಉಳಿಸುತ್ತಿದ್ದಾನೆ ಎಂದುಕೊಂಡೆ. ಬಸ್ಸಿನಲ್ಲಿ ಅತ್ತುಕೊಂಡು ಹೋದೆ. ವೆಂಕಟರತ್ನನ ಮಂಚದ ಪಕ್ಕ ಕೂತು, "ಷರೀಫು ದೇವುಡೇ" ಎಂದು ಹೇಳಿದೆ. ಅವಳೂ ಅತ್ತಳು. ಮಾರನೇ ವಾರ ಆ ದೇವರು ಬಂದು ನನ್ನ ಕೊರಳಪಟ್ಟಿ ಹಿಡಿದ.

ಬಾಯಿ ಬಿಟ್ಟು ಹೇಳದೇ ಇದ್ದದ್ದು ನನ್ನ ತಪ್ಪು. ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ನೀನು ಅಷ್ಟೆಲ್ಲ ಬೈದರೂ, ಆ ಒಂದು ನಗುವನ್ನು ನೆನೆಸಿಕೊಂಡು ಐದು ವರ್ಷ ನಿನ್ನ ಬಗ್ಗೆ ಒಬ್ಬರ ಹತ್ತಿರವೂ ಕೆಟ್ಟದ್ದು ಆಡಲಿಲ್ಲ. ಮೊದಲು ಒಳ್ಳೇದು ಮಾಡಿದ, ಆಮೇಲೆ ಯಾಕೋ ತಲೆ ಕೆಟ್ಟಿತು ಎಂದುಕೊಂಡಿದ್ದೆ. ಈಗ ನಿನ್ನ ಮಗಳು ಬರೆಯುತ್ತಾಳೆ, ಅಬ್ಬನಿಗೆ ಏನೂ ವಾಸನೆ ಬಂದಿರಲಿಕ್ಕಿಲ್ಲ ಎಂದು. ಹಾಗಾದರೆ ಆ ನಗು ನನಗಲ್ಲ. ನೀನು ತಪ್ಪಾಯಿತು ಎಂದು ಬರೆದೆ, ನನಗೆ ಇದ್ದದ್ದೂ ಹೋಯಿತು.

ಜಾನ್ ಬೀ ಅತ್ತಿಗೆ ಹೋದ ಸುದ್ದಿಯನ್ನು ಟೀ ಅಂಗಡಿಯಲ್ಲಿ ಕೇಳಿದೆ. ಅದನ್ನು ಮರೆಯುವುದು ಕಷ್ಟ.

ರಾಮಾಂಜಿನಪ್ಪ


ಶಿಡ್ಲಘಟ್ಟ
6 ಅಕ್ಟೋಬರ್ 2024

ರಾಮಾಂಜಿ,

ನಲ್ಲಪ್ಪ ನಿನ್ನ ಕಾಗದ ಕೊಟ್ಟಾಗ ಕೈ ಎಷ್ಟು ನಡುಗಿತೆಂದರೆ ಅವನೇ ಕವರ್ ಹರಿದುಕೊಟ್ಟ.

ವಾಸನೆ ಬಂದಿದ್ದರೆ ನಾನು ಆ ಗೂಡು ತೆಗೆದುಕೊಳ್ಳುತ್ತಿದ್ದೆನಾ? ಒಂದು ವಾರ ಇದನ್ನೇ ಯೋಚಿಸಿದೆ. ಹೌದು ಎಂದು ಬರೆದುಬಿಟ್ಟರೆ ನಿನಗೂ ಸಮಾಧಾನ, ನನಗೂ ಹೆಸರು. ಆದರೆ ನಿನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದದ್ದು ನನಗೆ ಆವತ್ತು ಗೊತ್ತೇ ಇರಲಿಲ್ಲ. ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೊತ್ತಿದ್ದರೆ? ಮೊದಲು ನಿನ್ನ ಕಿವಿ ಹಿಂಡಿ, "ಲೋ, ಇದೇನೋ ತಂದಿದ್ದೀಯ, ಹೆಣದ ವಾಸನೆ" ಎಂದು ಮೆಲ್ಲಗೆ ಬೈದು, ಆಮೇಲೆ ತೆಗೆದುಕೊಳ್ಳುತ್ತಿದ್ದೆ ಅನ್ನಿಸುತ್ತದೆ. ಪ್ರಮಾಣ ಮಾಡಲಾರೆ, ನಾನು ಅಷ್ಟು ದೊಡ್ಡವನೇನಲ್ಲ. ಬೈಗುಳ ಮಾತ್ರ ನಮ್ಮಿಬ್ಬರ ನಡುವೆಯೇ ಇರುತ್ತಿತ್ತು.

ಆದರೆ ಆ ನಗು ನಿನಗೇ ಕಣೋ. ಗೂಡು ನೋಡಿ ನಕ್ಕಿದ್ದಲ್ಲ. ನಿನ್ನ ಮುಖ ಸೋತಿತ್ತು. ಯಾಕೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ, ನಕ್ಕೆ.

ಇಲ್ಲಿ ಮನೆ ತುಂಬ ಜನ. ವಾಸಿಫ್ ನೂಲು ತೆಗೆಯುವ ಹೊಸ ಮೆಷಿನ್ ಹಾಕಿದ್ದಾನೆ, ಸೊಸೆ ಇಫ್ರಾ ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತಾಳೆ. ಬೆಳಗ್ಗೆಯಿಂದ ಸಂಜೆಯವರೆಗೆ ಮೆಷಿನ್ ಸದ್ದು. ಅದರೊಳಗೆ ನನ್ನ ಧ್ವನಿ ಯಾರಿಗೂ ಕೇಳುವುದಿಲ್ಲ. ನೀರು ಬೇಕು ಎಂದು ಹೇಳಿ ಹೇಳಿ ನಾನೇ ಎದ್ದು ಹೋಗುತ್ತೇನೆ. ಅವರದು ತಪ್ಪಲ್ಲ. ಈದ್ ದಿನ ವಾಸಿಫ್ ಫೋಟೋ ತೆಗೆಯುತ್ತಾ, "ಅಬ್ಬಾ, ಇವತ್ತಾದ್ರೂ ನಗಿ" ಎಂದ. ನಗ್ತಾನೇ ಇದ್ದೀನಲ್ಲೋ ಎಂದೆ. ಆ ಮಾತೂ ಅವನಿಗೆ ಕೇಳಲಿಲ್ಲ.

ಒಂದು ಸಲ ಬಾ. ನಿನ್ನ ಮುಂದಿನ ಬೆಳೆ ಯಾವಾಗ? ಗೂಡನ್ನು ಶಿಡ್ಲಘಟ್ಟಕ್ಕೇ ತಾ. ಹಾಗೇ ನಮ್ಮ ಬೀದಿಗೆ ಬಾ. ನಾನು ಬೆಳಗಿನ ಹೊತ್ತು ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ.

ಕಾಯುತ್ತಿರುವ,
ಷರೀಫ್


ಕೆಂಚಾರ್ಲಹಳ್ಳಿ
1 ಡಿಸೆಂಬರ್ 2024

ಷರೀಫನಿಗೆ,

ಹೋದ ಸೋಮವಾರ ಶಿಡ್ಲಘಟ್ಟಕ್ಕೆ ಗೂಡು ತಂದಿದ್ದೆ. ಐದು ವರ್ಷದ ಮೇಲೆ. ಹೋಗಿ ಬಾ ಎಂದು ವೆಂಕಟರತ್ನನೇ ತಳ್ಳಿದಳು. ನಿನಗೆ ಎಂದು ನಮ್ಮ ಹೊಲದ ಅವರೆಕಾಯಿ ಕಟ್ಟಿಕೊಟ್ಟಿದ್ದಳು.

ನಿಮ್ಮ ಬೀದಿಗೆ ಬಂದೆ. ಎದುರುಗಡೆ ಲೈಟ್ ಕಂಬದ ಹತ್ತಿರ ನಿಂತೆ. ನೀನು ಕುರ್ಚಿಯಲ್ಲಿ ಕೂತಿದ್ದೆ. ಬಡವಾಗಿದ್ದೀಯ. ನನ್ನನ್ನು ನೋಡಿದೆ. ಬೇರೆ ಯಾರನ್ನೋ ನೋಡಿದ್ದು ಎನ್ನಲು ಅಲ್ಲಿ ಮತ್ಯಾರೂ ಇರಲಿಲ್ಲ. ರೆಪ್ಪೆ ಹೊಡೆಯದೆ ನೋಡಿದೆ. ನಾನು ಕೈ ಎತ್ತಿದೆ. ನೀನು ಕೈ ಎತ್ತಲಿಲ್ಲ, ಏಳಲಿಲ್ಲ, ಮುಖದಲ್ಲಿ ಒಂದು ಗೆರೆ ಕೂಡ ಅಲ್ಲಾಡಲಿಲ್ಲ. ಕಲ್ಲಿನ ಹಾಗೆ ಕೂತಿದ್ದೆ. ಒಂದು ಬೀಡಿ ಮುಗಿಯುವವರೆಗೆ ಕಾದೆ.

ಕಾಗದದಲ್ಲಿ ಬಾ ಎನ್ನುವುದು ಸುಲಭ, ಎದುರಿಗೆ ಬಂದಾಗ ಹಳೆಯದು ಮನಸ್ಸಿಗೆ ಬರುತ್ತದೆ. ನನಗೆ ಅರ್ಥವಾಗುತ್ತದೆ, ನನಗೂ ಹಾಗೇ ಆಗುತ್ತದೆ. ಅವರೆಕಾಯಿಯನ್ನು ನಲ್ಲಪ್ಪನ ಕೈಗೆ ಕೊಟ್ಟು ಬಸ್ ಹತ್ತಿದೆ. ಯಾರು ಕೊಟ್ಟರು ಎಂದು ಹೇಳಬೇಡ ಎಂದಿದ್ದೆ.

ಇನ್ನು ಬರೆಯುವುದು ಬೇಡ. ಮಾತ್ರೆ ತಪ್ಪದೆ ತೆಗೆದುಕೋ.

ರಾಮಾಂಜಿನಪ್ಪ


ಶಿಡ್ಲಘಟ್ಟ
8 ಡಿಸೆಂಬರ್ 2024

ರಾಮಾಂಜಿ,

ನಿನಗೆ ಭೂತಗನ್ನಡಿ ಬೇಡವಾಗಲಿ ಎಂದು ಒಂದು ಹಾಳೆಗೆ ನಾಲ್ಕೇ ಸಾಲು ಬರೆಯುತ್ತಿದ್ದೇನೆ. ಈ ಕಾಗದ ಮುಗಿಸಲು ಮೂರು ದಿನವಾದರೂ ಬೇಕಾದೀತು. ಹುಮಾ ರಜೆಗೆ ಬಂದಿದ್ದಾಳೆ. ನಾನು ಬರೆದುಕೊಡುತ್ತೇನೆ ಎಂದಳು, ಬೇಡ ಎಂದೆ.

ನೋಡಿದೆ ಕಣೋ. ನೀಲಿ ಅಂಗಿ, ಕೈಯಲ್ಲಿ ಗೋಣಿಚೀಲ. ಮೊದಲಾಗಿದ್ದರೆ ನೀನು ಬೀದಿ ತಿರುಗುವ ಮುಂಚೆಯೇ ನಿನ್ನ ಬೀಡಿ ವಾಸನೆ ನನಗೆ ಬರುತ್ತಿತ್ತು. ಈ ಸಲ ಕಣ್ಣಿನಲ್ಲೇ ಗುರುತು ಹಿಡಿದೆ.

ಎದ್ದು ಬರೋಣ ಎಂದರೆ ಕಾಲು ನೆಲ ಬಿಡಲಿಲ್ಲ. ಕೈ ಎತ್ತಬೇಕು ಎಂದುಕೊಂಡೆ, ಅದು ಏಳುವುದರೊಳಗೆ ನೀನು ಬೆನ್ನು ತಿರುಗಿಸಿದ್ದೆ. ರಾಮಾಂಜೀ ಎಂದು ಕೂಗಿದೆ. ಎರಡು ಸಲ ಕೂಗಿದೆ. ಒಳಗೆ ಮೆಷಿನ್ ಓಡುತ್ತಿತ್ತು.

ಹುಮಾಳನ್ನು ಕೇಳಿದೆ, ನನ್ನ ಮುಖಕ್ಕೇನಾಗಿದೆ ಎಂದು. ಈ ಕಾಯಿಲೆಯಲ್ಲಿ ಮುಖದ ಸ್ನಾಯುಗಳು ಬಿಗಿದುಕೊಳ್ಳುತ್ತವಂತೆ ರಾಮಾಂಜಿ. ರೆಪ್ಪೆ ಹೊಡೆಯುವುದೂ ಕಡಿಮೆಯಾಗುತ್ತದಂತೆ. ಕನ್ನಡಿ ತಂದು ಮುಂದೆ ಹಿಡಿದು, "ಈಗ ನಗಿ ಅಬ್ಬಾ" ಎಂದಳು. ನಕ್ಕೆ. ಕನ್ನಡಿಯಲ್ಲಿ ಯಾರೋ ಮುನಿಸಿಕೊಂಡವನು ಕೂತಿದ್ದ. ನೀನು ನೋಡಿದ್ದು ಅವನನ್ನು. ಹುಮಾ ಕನ್ನಡಿ ಇಟ್ಟು ಒಳಗೆ ಹೋದಳು, ಬಹಳ ಹೊತ್ತು ಹೊರಗೆ ಬರಲಿಲ್ಲ.

ಅವರೆಕಾಯಿ ಯಾರು ಕೊಟ್ಟರು ಎಂದು ನಲ್ಲಪ್ಪ ಹೇಳಲಿಲ್ಲ. ನಾನೂ ಕೇಳಲಿಲ್ಲ, ಬಿಡಿಸುತ್ತಾ ಕೂತೆ. ಈ ಬೆರಳಿಗೆ ಅದೊಂದು ಕೆಲಸ ಈಗಲೂ ಬರುತ್ತದೆ.

ಮುಂದಿನ ಬೆಳೆಗೆ ಬಾ. ಕಂಬದ ಹತ್ತಿರ ನಿಲ್ಲಬೇಡ. ಬೀದಿ ದಾಟಿ ಬಂದು ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೋ. ಮುಖ ನೋಡಬೇಡ. ಆವತ್ತು ನಾನು ನಕ್ಕಿದ್ದೆ ಕಣೋ, ನೀನು ಬೀಡಿ ಹಚ್ಚಿದಾಗಿನಿಂದ ಬೆನ್ನು ತಿರುಗಿಸುವವರೆಗೂ ನಗುತ್ತಲೇ ಇದ್ದೆ.

ನಿನ್ನ
ಷರೀಫ